ಎಡಿನ್‌ಬರೋ ನಗರದ ರಾಯಲ್ ಹೈಸ್ಕೂಲು: ಸ್ಥಾವರ ಮತ್ತು ಜಂಗಮ

ಕನ್ನಡ ನಾಡಿನ ಹೋಬಳಿ ಹೋಬಳಿಗಳಲ್ಲಿ ಇಂದು ಹೈಸ್ಕೂಲುಗಳಿವೆ. ‘ಪ್ರೌಢಶಾಲೆ’ ಎಂಬ ಅಂದವಾದ ಹೆಸರನ್ನು ನಾವು ಫಲಕಗಳ ಮೇಲೆ ಬರೆಯಿಸಿದ್ದರೂ ಜನರ ನಾಲಗೆಯ ಮೇಲೆ ನಿಂತಿರುವುದು ‘ಹೈಸ್ಕೂಲು’ ಎಂಬ ಮಾತೇ. ಈ ಹೆಸರಿನ ಮೂಲವನ್ನು ಅರಸುತ್ತ ಹೋದರೆ ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರವನ್ನು ಮುಟ್ಟುತ್ತೇವೆ. ಅಲ್ಲಿಯ ಶಾಲೆಯೊಂದನ್ನು 1505ರಷ್ಟು ಹಿಂದೆಯೇ ಹೈಸ್ಕೂಲು ಎಂದು ಕರೆದ ದಾಖಲೆಯಿದೆ. ಆ ಶಾಲೆ ಈಗಲೂ ಜೀವಂತವಾಗಿದೆ. ಅದಕ್ಕೆ ಕೀರ್ತಿ ತಂದ ಭವ್ಯ ಕಟ್ಟಡವೂ ಉಳಿದಿದೆ. ಆದರೆ ಅವೆರಡೂ ಈಗ ಒಂದೆಡೆಯಲ್ಲಿಲ್ಲ. ಈ ಅಗಲಿಕೆಯ ಕಥೆಯಲ್ಲಿ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ಬೆಳೆಸುತ್ತಿರುವ ನಮ್ಮ ಮಠಗಳು ಮನಗಾಣಬೇಕಾದ ಸಂಗತಿಯಿದೆ.

ಈ ಶಾಲೆಯ ಮೂಲವೂ ಒಂದು ಮಠವೇ ಆಗಿರುವುದು ಗಮನಾರ್ಹ. ಸ್ಕಾಟ್ಲೆಂಡಿನ ದೊರೆ ಒಂದನೆಯ ಡೇವಿಡನು 1128ರಲ್ಲಿ ಹೋಲಿರೂಡ್ ಎಂಬಲ್ಲಿ ಕ್ರೈಸ್ತ ಸಂನ್ಯಾಸಿಗಳಿಗಾಗಿ ಮಠವೊಂದನ್ನು ಸ್ಥಾಪಿಸಿದನು. ಆ ಮಠದ ಆಶ್ರಯದಲ್ಲಿಯೇ ಶಾಲೆಯೂ ಹುಟ್ಟಿತೆಂಬುದು ಪರಂಪರೆಯ ನಂಬಿಕೆ. ನಮ್ಮಲ್ಲಿ ಬಸವಾದಿ ಪ್ರಮಥರ ಕಾಲವೂ ಅದೇ ಹನ್ನೆರಡನೆಯ ಶತಮಾನವೆಂಬುದನ್ನು ಓದುಗರು ನೆನೆಯಬಹುದು. ಮುಂದೆ ಆ ನಾಡಿನಲ್ಲಿ ಮತಸುಧಾರಣೆಯ ಬಿರುಗಾಳಿ ಬೀಸಿ ಮಠಗಳು ಅಧಿಕಾರವನ್ನು ಕಳೆದುಕೊಂಡವು. 1566ರಲ್ಲಿ ಮೇರಿ ರಾಣಿಯು ಶಾಲೆಯ ಪೋಷಣೆಯ ಹಕ್ಕನ್ನು ನಗರಸಭೆಗೆ ವಹಿಸಿಕೊಟ್ಟಳು. ಮಠವು ಪಾಳುಬಿದ್ದಿತು, ಶಾಲೆ ಮಾತ್ರ ನಿಲ್ಲಲಿಲ್ಲ.

ಆ ಶಾಲೆಯ ಇತಿಹಾಸವೆಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. 1595ರಲ್ಲಿ ರಜೆಯನ್ನು ನಿರಾಕರಿಸಿದರೆಂದು ಸಿಟ್ಟಿಗೆದ್ದ ಹುಡುಗರು ಆಯುಧಗಳೊಡನೆ ಶಾಲೆಯನ್ನು ಹೊಕ್ಕು ಬಾಗಿಲನ್ನು ಭದ್ರಪಡಿಸಿಕೊಂಡರು. ಅದನ್ನು ತೆರೆಸಲೆಂದು ಬಂದ ನಗರಾಧಿಕಾರಿ ಜಾನ್ ಮ್ಯಾಕ್‌ಮೋರನ್ ವಿದ್ಯಾರ್ಥಿಯೊಬ್ಬನ ಗುಂಡಿಗೆ ಬಲಿಯಾದನು. ಇಂದಿನ ವಿದ್ಯಾರ್ಥಿಗಳ ಅಶಿಸ್ತನ್ನು ಕುರಿತು ನಿಟ್ಟುಸಿರಿಡುವವರು ಈ ಘಟನೆಯನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಅದೇ ಶಾಲೆಯಲ್ಲಿ 1768ರಿಂದ ಮುಖ್ಯಾಧ್ಯಾಪಕರಾಗಿದ್ದ ಅಲೆಗ್ಸಾಂಡರ್ ಆಡಮ್ ಅವರಂತಹ ಆದರ್ಶ ಗುರುಗಳೂ ಬಾಳಿದರು. ಬಡತನದಲ್ಲಿ ಬೆಳೆದು, ಲ್ಯಾಟಿನ್ ಮತ್ತು ಗ್ರೀಕ್ ವಿದ್ಯೆಗಳಲ್ಲಿ ಪಾರಂಗತರಾಗಿ, ನಾಲ್ಕು ದಶಕಗಳ ಕಾಲ ಅವರು ಪಾಠ ಹೇಳಿದರು. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅವರ ಶಿಷ್ಯ. 1809ರಲ್ಲಿ ಮರಣಶಯ್ಯೆಯಲ್ಲಿದ್ದ ಆ ಗುರುಗಳಿಗೆ ಕಣ್ಣು ಮಂಜಾಗತೊಡಗಿದಾಗ ತಾವು ತರಗತಿಯಲ್ಲಿಯೇ ಇದ್ದೇವೆಂಬ ಭಾವನೆ. ಕತ್ತಲಾಗುತ್ತಿದೆ, ಮಕ್ಕಳೇ ಮನೆಗೆ ಹೊರಡಿರಿ ಎಂಬರ್ಥದ ಮಾತನ್ನಾಡಿ ಅವರು ಕಣ್ಮುಚ್ಚಿದರೆಂದು ಹೇಳುತ್ತಾರೆ. ನಮ್ಮ ನಾಡಿನ ಚರಿತ್ರೆಗೆ ಸಂಬಂಧಪಟ್ಟ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನೂ ಬಾಲ್ಯದಲ್ಲಿ ಕೆಲಕಾಲ ಈ ಶಾಲೆಯಲ್ಲಿ ಓದಿದವನು. 1819ರಿಂದ 1827ರವರೆಗೆ ಅವನು ಮುಂಬಯಿಯ ಗವರ್ನರನಾಗಿದ್ದನು. ಕಿತ್ತೂರಿನ ಕದನ ನಡೆದದ್ದೂ, ಮುಂಬಯಿ ಪ್ರಾಂತದ ಸರಕಾರಿ ವಿದ್ಯಾಭ್ಯಾಸಕ್ಕೆ ತಳಹದಿ ಬಿದ್ದದ್ದೂ ಅವನ ಆಡಳಿತದಲ್ಲಿಯೇ.

ಆಡಮ್ ಅವರ ನಂತರ 1810ರಿಂದ 1820ರವರೆಗೆ ಮುಖ್ಯಾಧ್ಯಾಪಕರಾಗಿದ್ದ ಜೇಮ್ಸ್ ಪಿಲನ್ಸ್ ಅವರು, ತರಗತಿಯಲ್ಲಿ ಮುಂದುವರಿದ ಹುಡುಗರಿಂದ ಹಿಂದುಳಿದವರಿಗೆ ಪಾಠ ಹೇಳಿಸುವ ಪದ್ಧತಿಯನ್ನು ಅಲ್ಲಿ ಬಳಕೆಗೆ ತಂದರು. ಬ್ರಿಟನ್ನಿನಲ್ಲಿ ಈ ಪದ್ಧತಿಯನ್ನು ಪ್ರಚುರಪಡಿಸಿದವರು ಆಂಡ್ರೂ ಬೆಲ್ ಮತ್ತು ಜೋಸೆಫ್ ಲ್ಯಾಂಕಾಸ್ಟರ್. ಅವರಲ್ಲಿ ಬೆಲ್ ಅವರು ಮದರಾಸಿನ ಅನಾಥಾಲಯದಲ್ಲಿದ್ದಾಗ ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತೀಡುವುದನ್ನು ಕಂಡು, ಅದರಿಂದ ಪ್ರೇರಣೆ ಪಡೆದವರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ 1823ರ ವರದಿಯಲ್ಲಿ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದುದನ್ನು ಲೆಕ್ಕ ಕೊಟ್ಟು, ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಇಲ್ಲಿಯ ಕ್ರಮವನ್ನು ಇಂಗ್ಲೆಂಡು ಅನುಕರಿಸಿದ್ದು ಯೋಗ್ಯವೇ ಆಗಿದೆಯೆಂದು ಮೆಚ್ಚಿದ್ದಾನೆ. ನಮ್ಮ ಅಯ್ಯಗಳು ಮಠದ ಪಡಸಾಲೆಯಲ್ಲಿ ನಡೆಸುತ್ತಿದ್ದ ಪಾಠದ ರೀತಿಯೂ ಇದೇ ಅಲ್ಲವೇ? 1818–19ರಲ್ಲಿ ಯುರೋಪನ್ನು ಸಂಚರಿಸಿದ ಅಮೆರಿಕದ ಜಾನ್ ಗ್ರಿಸ್ಕಮ್ ಅವರು ಎಡಿನ್‌ಬರೋದ ಈ ಶಾಲೆಯನ್ನು ಕಂಡು ಮೆಚ್ಚಿ, 1825ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಹೆಸರಿನ ಶಾಲೆಯನ್ನು ತೆರೆದರು. ಹೀಗೆ ವಿದ್ಯೆಯ ಪದ್ಧತಿಗಳೂ ಹೆಸರುಗಳೂ ಕಡಲು ದಾಟಿ ಸಂಚರಿಸಿದವು.

ಇನ್ನು ಕಟ್ಟಡದ ವಿಚಾರ. 1777ರಲ್ಲಿ ಹಳೆಯ ಪಟ್ಟಣದಲ್ಲಿ ಕಟ್ಟಿದ್ದ ಶಾಲೆಯು ಬೆಳೆಯುತ್ತಿದ್ದ ನಗರಕ್ಕೆ ಸಾಲದಾಯಿತು. ಹೊಸ ಬಡಾವಣೆಯ ಸಿರಿವಂತರು 1824ರಲ್ಲಿ ಬೇರೊಂದು ಶಾಲೆಯನ್ನು ತೆರೆದರು. ಆಗ ನಗರಸಭೆಯು ಕಾಲ್ಟನ್ ಗುಡ್ಡದ ದಕ್ಷಿಣದ ಇಳಿಜಾರನ್ನು ಕಡಿಸಿ, ತನ್ನ ಶಾಲೆಗೆ ನೂತನ ಮಂದಿರವನ್ನು ಕಟ್ಟಿಸಲು ನಿಶ್ಚಯಿಸಿತು. ಅದೇ ಶಾಲೆಯ ಹಳೆಯ ವಿದ್ಯಾರ್ಥಿಯಾದ ಥಾಮಸ್ ಹ್ಯಾಮಿಲ್ಟನ್ ಅವರೇ ಅದರ ಶಿಲ್ಪಿ. 1825ರಲ್ಲಿ ಅಸ್ತಿಭಾರ ಬಿದ್ದು, 1829ರಲ್ಲಿ ಪ್ರವೇಶವಾಯಿತು.

ಎಡಿನ್‌ಬರೋ ತನ್ನನ್ನು ‘ಉತ್ತರದ ಅಥೆನ್ಸ್’ ಎಂದು ಕರೆದುಕೊಳ್ಳುತ್ತಿದ್ದ ಕಾಲವದು. ಹ್ಯಾಮಿಲ್ಟನ್ನರು ಅಥೆನ್ಸಿನ ಹೆಫೀಸ್ಟಸ್ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡರು. ನಟ್ಟನಡುವೆ ಎತ್ತರದಲ್ಲಿ ಆರು ಕಂಬಗಳ ಮುಖಮಂಟಪ, ಅದರ ಮೇಲೆ ತ್ರಿಕೋನಾಕಾರದ ಶಿರೋಭಾಗ. ಎರಡು ಪಕ್ಕಗಳಲ್ಲಿ ಕಂಬಸಾಲುಗಳ ರೆಕ್ಕೆಗಳು. ಅವುಗಳ ತುದಿಯಲ್ಲಿ ಚಿಕ್ಕ ಗುಡಿಗಳಂತಹ ಮಂಟಪಗಳು. ನಮ್ಮ ಚಾಲುಕ್ಯ ಶಿಲ್ಪಿಗಳು ಕಂಬಕ್ಕೆ ಪೀಠವಿಟ್ಟು, ಬಳೆ ತಿರುವಿ, ಬೋದಿಗೆಯನ್ನು ಅಲಂಕರಿಸುವರು. ಗ್ರೀಕರ ಡೋರಿಕ್ ಶೈಲಿಯ ಕಂಬಕ್ಕೆ ಪೀಠವೇ ಇಲ್ಲ; ಅದು ಜಗತಿಯಿಂದ ನೇರವಾಗಿ ಮೇಲೇಳುತ್ತದೆ. ಮೈಮೇಲೆ ಉದ್ದುದ್ದನೆಯ ತೋಡುಗೆರೆಗಳು. ಮೇಲೆ ಸರಳವಾದ ಹಲಗೆಗಲ್ಲು. ಇಲ್ಲಿ ಸೌಂದರ್ಯವು ಕೆತ್ತನೆಯಲ್ಲಿಲ್ಲ. ಅಳತೆಯಲ್ಲಿದೆ, ನೆರಳು ಬೆಳಕಿನ ಹೊಂದಾಣಿಕೆಯಲ್ಲಿದೆ. ಒಳಗಿನ ದೊಡ್ಡ ಸಭಾಂಗಣದಲ್ಲಿ ಸುತ್ತಲೂ ಉಪ್ಪರಿಗೆ, ಮೇಲೆ ಅಂಕಣ ಅಂಕಣವಾಗಿ ವಿಂಗಡಿಸಿದ ಛಾವಣಿ. ಅದೇ ಗುಡ್ಡದ ನೆತ್ತಿಯ ಮೇಲೆ ಯುದ್ಧದಲ್ಲಿ ಮಡಿದವರಿಗಾಗಿ ಪಾರ್ಥೆನಾನ್ ದೇಗುಲದಂತಹ ಸ್ಮಾರಕವನ್ನು 1826ರಲ್ಲಿ ಎತ್ತಲಾರಂಭಿಸಿದ್ದರು. ಹಣ ಸಾಲದೆ 1829ರಲ್ಲಿ ಹನ್ನೆರಡು ಕಂಬಗಳಿಗೇ ಅದು ನಿಂತುಹೋಯಿತು. ಸ್ಮಾರಕ ನಿಂತ ವರ್ಷವೇ ಶಾಲೆ ಪೂರ್ಣಗೊಂಡಿತು!

ಈ ಮಂದಿರದಲ್ಲಿ ಶಾಲೆಯು ಸುಮಾರು 140 ವರ್ಷ ನಡೆಯಿತು. ಟೆಲಿಫೋನಿನ ಜನಕ ಅಲೆಗ್ಸಾಂಡರ್ ಗ್ರಹಾಂ ಬೆಲ್ ಕೂಡ ಇಲ್ಲಿ ಓದಿದವರು. ಗುಡ್ಡವನ್ನು ಕಡಿದು ಕಟ್ಟಿದ ನೆಲೆಯಲ್ಲಿ ಬೆಳೆಯಲು ಸ್ಥಳವೆಲ್ಲಿ? 1968ರಲ್ಲಿ ಶಾಲೆಯು ನಗರದ ಪಶ್ಚಿಮದಂಚಿನ ಬಾರ್ನ್‌ಟನ್ ಎಂಬಲ್ಲಿಯ ಹೊಸ ಕಟ್ಟಡಕ್ಕೆ ನಡೆಯಿತು. 1973ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ಎಂಟು ಶತಮಾನಗಳ ಕಾಲ ಗಂಡುಮಕ್ಕಳಿಗೆ ಮಾತ್ರ ಮೀಸಲಾಗಿದ್ದ ವಿದ್ಯೆಯ ಬಾಗಿಲು ತೆರೆದದ್ದು ಭವ್ಯ ಮಂಟಪದಲ್ಲಲ್ಲ, ಅದನ್ನು ಬಿಟ್ಟುಬಂದ ಮೇಲೆ.

ಬಿಟ್ಟುಬಂದ ಮಂದಿರದ ಗತಿಯೇನಾಯಿತು? ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬರುವುದೆಂದು ನಂಬಿ ಆ ಸಭಾಂಗಣವನ್ನು ಚರ್ಚಾಗೃಹವನ್ನಾಗಿ ಮಾರ್ಪಡಿಸಿದರು. 1979ರ ಜನಮತದಲ್ಲಿ ಮತ ಹಾಕಿದವರ ಪೈಕಿ ಬಹುಮತ ಪರವಾಗಿದ್ದರೂ, ಒಟ್ಟು ಮತದಾರರಲ್ಲಿ ಶೇಕಡಾ 40ರಷ್ಟು ಬೆಂಬಲ ಬೇಕೆಂಬ ನಿಬಂಧನೆಯಿಂದಾಗಿ ಸಭೆ ಬರಲಿಲ್ಲ. 1997ರಲ್ಲಿ ಜನರು ಮತ್ತೆ ಒಪ್ಪಿಗೆಯಿತ್ತಾಗ ಸಂಸತ್ತಿಗೆ ಬೇರೆ ಸ್ಥಳ ಗೊತ್ತಾಯಿತು. 2004ರಲ್ಲಿ ಆ ಹೊಸ ಭವನ ಉದ್ಘಾಟನೆಯಾದದ್ದು, ಶಾಲೆ ಹುಟ್ಟಿದ ಹೋಲಿರೂಡಿನಲ್ಲಿಯೇ! ಬರಿದಾಗಿ ಉಳಿದ ಹಳೆಯ ಶಾಲೆಯನ್ನು ವೈಭವದ ಹೋಟೆಲನ್ನಾಗಿ ಮಾಡುವ ಯೋಜನೆಗಳು ಬಂದವು. ನಾಗರಿಕರು ವಿರೋಧಿಸಿದರು, ನಗರಸಭೆ ತಿರಸ್ಕರಿಸಿತು, 2020ರಲ್ಲಿ ಸ್ಕಾಟ್ಲೆಂಡಿನ ಸರಕಾರವೂ ಮೇಲ್ಮನವಿಯನ್ನು ತಳ್ಳಿಹಾಕಿತು. 2021ರಲ್ಲಿ ಸಂಗೀತದ ಕಲಿಕೆಗೂ ಕಛೇರಿಗಳಿಗೂ ಅದನ್ನು ಮೀಸಲಿಡಲೆಂದು ಸಂರಕ್ಷಣಾ ನ್ಯಾಸವೊಂದಕ್ಕೆ ವಹಿಸಿಕೊಡಲು ನಗರಸಭೆ ಒಪ್ಪಿತು.

ನಮ್ಮ ಶರಣರು ಸ್ಥಾವರ, ಜಂಗಮ ಎಂಬೆರಡು ಪದಗಳಿಗೆ ಆಳವಾದ ಅರ್ಥವನ್ನು ತುಂಬಿದರು. ಶಾಲೆಯೆಂಬುದು ಜಂಗಮ, ಗುರುವಿನಿಂದ ಶಿಷ್ಯನಿಗೆ ಹರಿಯುವ ಅರಿವೇ ಅದರ ಪ್ರಾಣ. ಎಡಿನ್‌ಬರೋದ ಶಾಲೆಯು ಮಠವನ್ನು ಬಿಟ್ಟಿತು, ಹಳೆಯ ಪಟ್ಟಣವನ್ನು ಬಿಟ್ಟಿತು, ಗ್ರೀಕ್ ಮಂದಿರವನ್ನೂ ಬಿಟ್ಟಿತು, ಬದುಕಿತು. ಆದರೆ ಇಷ್ಟನ್ನೇ ಹೇಳಿ ಸ್ಥಾವರವನ್ನು ಹಗುರವಾಗಿ ಕಾಣುವುದು ಸಲ್ಲದು. ಬಳ್ಳಾರಿ ಜಿಲ್ಲೆಯ ಆ 533 ಶಾಲೆಗಳನ್ನು ನೆನೆಯೋಣ. ನಾಡಿನ ಬಡತನದಿಂದ ವಿದ್ಯೆ ಕ್ಷೀಣಿಸುತ್ತಿದೆಯೆಂದು ಕ್ಯಾಂಪ್‌ಬೆಲ್ಲನೇ ಮರುಗಿದ್ದಾನೆ. ಜಗಲಿ, ಗುಡಿ, ಮಠಗಳ ಪಡಸಾಲೆಗಳಲ್ಲಿ ನಡೆಯುತ್ತಿದ್ದ ಅಂತಹ ಶಾಲೆಗಳು ಆಶ್ರಯ ತಪ್ಪಿದೊಡನೆ ಕಣ್ಮರೆಯಾದವು. ಅವುಗಳಿಗಾಗಿ ಹೋರಾಡಲು ಒಂದು ಕಂಬವೂ ಉಳಿಯಲಿಲ್ಲ. ಎಡಿನ್‌ಬರೋದಲ್ಲಿ ಶಾಲೆಯನ್ನು ಉಳಿಸಿದ್ದು ಕಲ್ಲಲ್ಲ. ಮಠದ ಕೈಯಿಂದ ಜಾರಿದಾಗ ಅದನ್ನು ಎತ್ತಿಕೊಂಡ ಊರು. ಇಂದು ಕಲ್ಲನ್ನು ಉಳಿಸಿದ್ದೂ ಆ ಊರೇ.

ನಮ್ಮ ಎಷ್ಟೋ ಪಟ್ಟಣಗಳಲ್ಲಿ ಭಕ್ತರು ಹಿಡಿ ಹಿಡಿ ಜೋಳ ಕೂಡಿಸಿ ಕಟ್ಟಿದ ಹಳೆಯ ಶಾಲೆಗಳೂ ಪ್ರಸಾದ ನಿಲಯಗಳೂ ಇವೆ. ಸಂಸ್ಥೆಗಳು ಬೆಳೆದು ಊರಾಚೆಯ ವಿಶಾಲ ಆವರಣಗಳಿಗೆ ಹೋಗುತ್ತಿವೆ. ಹೋಗುವುದು ಸಹಜ, ಕೆಲವೊಮ್ಮೆ ಅಗತ್ಯ. ಆದರೆ ಬಿಟ್ಟುಹೋಗುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹೊಸ ಕಟ್ಟಡಕ್ಕೆ ಆಡಮ್ ಅವರಂತಹ ಗುರುಗಳು ನಮ್ಮೊಡನೆ ಬರುತ್ತಿದ್ದಾರೆಯೇ? ಹಳೆಯ ಕಟ್ಟಡವನ್ನು ಅಂಗಡಿಸಾಲಿಗೆ ಒಪ್ಪಿಸದೆ, ವಾಚನಾಲಯಕ್ಕೋ ಸಂಗೀತ ಪಾಠಕ್ಕೋ ಬಡ ಮಕ್ಕಳ ಸಂಜೆಯ ಓದಿಗೋ ಒಪ್ಪಿಸಿದ್ದೇವೆಯೇ? ಈ ಎರಡಕ್ಕೂ ಹೌದೆಂದು ಹೇಳಬಲ್ಲ ಸಂಸ್ಥೆಯಲ್ಲಿ ಸ್ಥಾವರವೂ ಜಂಗಮವೂ ಒಂದನ್ನೊಂದು ಕಾಯುತ್ತವೆ. ಅಂತಹ ವಿವೇಕವು ನಮ್ಮೆಲ್ಲ ವಿದ್ಯಾಸಂಸ್ಥೆಗಳಿಗೆ ಲಭಿಸಲೆಂದು ಹಾರೈಸುತ್ತೇವೆ.