ಉತಾರದ ಕಾಗದ ಮತ್ತು ಡಾ. ಶೇಷಗಿರಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ ರಾಯಾಪುರ ಸಿಗುತ್ತದೆ. ಅತ್ತ ಹುಬ್ಬಳ್ಳಿಯೂ ಅಲ್ಲ, ಇತ್ತ ಧಾರವಾಡವೂ ಅಲ್ಲ. 1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟ ಮೇಲೆ ನಡುವಿನ ಇಂಥ ಹಳ್ಳಿಗಳ ಹೊಲಗಳು ಮೆಲ್ಲಮೆಲ್ಲನೆ ಕಾರ್ಖಾನೆಗಳಾದವು, ಬಡಾವಣೆಗಳಾದವು. ಹೊಲ ಕೈ ಬದಲಿಸುವಾಗ ಮೊದಲು ಬೇಕಾಗುವುದು ಒಂದು ಕಾಗದ. ಮೈಸೂರ ಕಡೆಯವರು ಅದನ್ನು ಪಹಣಿ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಅದು ಉತಾರ.

ಉತಾರ ಬರೆಯುವವನು ಮೊದಲು ಕುಲಕರ್ಣಿ, ಆಮೇಲೆ ತಲಾಠಿ. ಹೊಲದ ಒಡೆಯ ಯಾರು, ಉಳುವವನು ಯಾರು, ಸಾಲ ಎಷ್ಟು ಎಂಬುದೆಲ್ಲ ಅವನ ದಪ್ತರದಲ್ಲಿ, ಅವನ ಅಕ್ಷರದಲ್ಲಿ. ಆ ಅಕ್ಷರ ಅವನಿಗಲ್ಲದೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲವೆಂಬ ಮಾತನ್ನು ಹಿರಿಯರು ನಗುತ್ತ ಹೇಳುವುದುಂಟು. ಆದರೆ ನಗುವ ಸಂಗತಿ ಅದಲ್ಲ. ದಪ್ತರ ಯಾರ ಕೈಯಲ್ಲಿದೆಯೋ ಊರು ಅವರ ಕೈಯಲ್ಲಿ. ಈ ಮಾತನ್ನು ಒಂದು ಊರಿಗಲ್ಲ, ಇಡೀ ದೇಶಕ್ಕೆ ಅನ್ವಯಿಸಿ ಯೋಚಿಸಿದ ವಿದ್ವಾಂಸರು ಡಾ. ಎನ್. ಶೇಷಗಿರಿ.

ಅವರು ಹುಟ್ಟಿದ್ದು 1940ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸೇರಿದರು. ಅಲ್ಲಿಯೇ ಉಳಿದಿದ್ದರೆ ಸಂಶೋಧನ ಲೇಖನಗಳ ನಡುವೆ ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ 1971ರಲ್ಲಿ ಎಂ. ಜಿ. ಕೆ. ಮೆನನ್ನರ ಅಧ್ಯಕ್ಷತೆಯಲ್ಲಿ ಎಲೆಕ್ಟ್ರಾನಿಕ್ಸ್ ಆಯೋಗ ಏರ್ಪಟ್ಟಿತು. ಅದರ ಮಾಹಿತಿ ಮತ್ತು ಯೋಜನಾ ವಿಭಾಗದ ಹೊಣೆ ಶೇಷಗಿರಿಯವರಿಗೆ ಬಂದಿತು. ವಿದ್ವಾಂಸನು ಸಲಹೆಗಾರನಾದುದು ಹೀಗೆ.

ಗಣಕಯಂತ್ರವೆಂದರೆ ಜನ ಅಂಜುತ್ತಿದ್ದ ಕಾಲ ಅದು. ಯಂತ್ರ ಬಂದರೆ ನೌಕರಿ ಹೋದೀತೆಂದು ಜೀವವಿಮಾ ನಿಗಮದ ನೌಕರರು ಕಲಕತ್ತೆಯಲ್ಲಿ ಹೋರಾಟ ಹೂಡಿದ್ದು ಇನ್ನೂ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ, 1976ರಲ್ಲಿ, ಸರ್ಕಾರದ ಇಲಾಖೆಗಳಿಗಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ದೆಹಲಿಯಲ್ಲಿ ತಲೆಯೆತ್ತಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಿಂದ 44 ಲಕ್ಷ ಡಾಲರಿನ ನೆರವು ದೊರೆಯಿತು. ಎರಡು ದಶಕಗಳಿಗೂ ಮೀರಿ ಅದನ್ನು ನಡೆಸಿದವರು ಶೇಷಗಿರಿಯವರೇ. 1982ರ ಏಷ್ಯನ್ ಕ್ರೀಡಾಕೂಟದ ಫಲಿತಾಂಶಗಳನ್ನು ಗಣಕಕ್ಕೆ ಅಳವಡಿಸಿದಾಗ ಈ ಸಂಸ್ಥೆಯ ಹೆಸರು ಹೊರಗೆ ತಿಳಿಯಿತು.

ಮುಂದಿನ ಹೆಜ್ಜೆ ಬಲು ದಿಟ್ಟವಾದುದು. ದೆಹಲಿಯಿಂದ ರಾಜ್ಯದ ರಾಜಧಾನಿಗಳಿಗೆ, ಅಲ್ಲಿಂದ ಪ್ರತಿಯೊಂದು ಜಿಲ್ಲೆಯ ಕಚೇರಿಗೆ ಗಣಕಗಳನ್ನು ಜೋಡಿಸಬೇಕೆಂದು ಅವರು ಬಯಸಿದರು. ದೂರವಾಣಿಯ ತಂತಿಯನ್ನು ನಂಬಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ಒಂದು ಟ್ರಂಕ್ ಕಾಲ್‌ಗಾಗಿ ಇಡೀ ದಿನ ಕಾದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಅವರು ಉಪಗ್ರಹವನ್ನು ಆಶ್ರಯಿಸಿದರು. ಕಚೇರಿಯ ಮಾಳಿಗೆಯ ಮೇಲೆ ಕೂಡ್ರಿಸಬಹುದಾದ ಚಿಕ್ಕ ತಟ್ಟೆಯೊಂದೇ ಸಾಕಾಯಿತು. 1980ರ ದಶಕದ ಕೊನೆಯ ಹೊತ್ತಿಗೆ 'ನಿಕ್‌ನೆಟ್' 400ಕ್ಕೂ ಮಿಕ್ಕ ಜಿಲ್ಲೆಗಳತ್ತ ಕೈ ಚಾಚಿತ್ತು. ಇಂಟರ್ನೆಟ್ ಎಂಬ ಹೆಸರನ್ನೇ ನಮ್ಮಲ್ಲಿ ಹೆಚ್ಚು ಮಂದಿ ಕೇಳಿರದ ದಿನಗಳವು.

ಇತ್ತ ನೀತಿಯ ಕೆಲಸವೂ ಸಾಗಿತ್ತು. 1984ರ ನವೆಂಬರಿನ ಹೊಸ ಗಣಕ ನೀತಿ, 1986ರ ಡಿಸೆಂಬರಿನ ತಂತ್ರಾಂಶ ನೀತಿ, ಇವೆರಡರಲ್ಲಿಯೂ ಅವರ ಕೈ ದೊಡ್ಡದು. ಖಾಸಗಿಯವರು ಗಣಕ ತಯಾರಿಸಬಹುದು, ಯಂತ್ರ ತರಿಸಲು ಕಟ್ಟುಪಾಡು ಕಡಿಮೆ, ತಂತ್ರಾಂಶವೂ ಒಂದು ಉದ್ಯಮ ಎಂಬ ಮಾತುಗಳು ಇಂದು ಸಹಜ. ಅಂದು ಅವು ಸಹಜವಾಗಿರಲಿಲ್ಲ. 1998ರ ಮೇ ತಿಂಗಳಿನಲ್ಲಿ ನೇಮಕಗೊಂಡ ರಾಷ್ಟ್ರೀಯ ಕಾರ್ಯಪಡೆಗೂ ಅವರೇ ಸಂಚಾಲಕರು. ಜುಲೈ ವೇಳೆಗೆ 108 ಶಿಫಾರಸುಗಳು ಸಿದ್ಧವಾದವು! ಸಮಿತಿಗಳ ಚರಿತ್ರೆ ಬಲ್ಲವರಿಗೆ ಈ ವೇಗವೇ ಒಂದು ಅಚ್ಚರಿ.

ಇನ್ನು ರಾಯಾಪುರದ ಉತಾರಕ್ಕೆ ಬರೋಣ. ಶೇಷಗಿರಿಯವರು ಕಟ್ಟಿದ ಸಂಸ್ಥೆಯ ಬೆಂಗಳೂರು ಶಾಖೆ ಕರ್ನಾಟಕ ಸರ್ಕಾರಕ್ಕಾಗಿ 'ಭೂಮಿ' ತಂತ್ರಾಂಶವನ್ನು ಸಿದ್ಧಪಡಿಸಿತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕವನ್ನು ಸೇರಿದವು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಸಿಗುತ್ತಿತ್ತು. ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ದಾಖಲೆ ತಿದ್ದುವ ಅಧಿಕಾರಿ ತನ್ನ ಬೆರಳಗುರುತು ಒತ್ತಬೇಕಾಯಿತು.

ಇದೆಲ್ಲ ಶುದ್ಧ ಲಾಭವೇ ಎಂದು ವಾಚಕರು ಕೇಳಬಹುದು. ಅಲ್ಲ. ಊರಿನ ದಪ್ತರ ತಾಲೂಕಿಗೆ ಹೋದಾಗ ಸಣ್ಣ ರೈತನ ನಡಿಗೆ ಹೆಚ್ಚಿತು, ದೊಡ್ಡ ಖರೀದಿದಾರನಿಗೆ ಊರೂರಿನ ಹೊಲದ ಲೆಕ್ಕ ಒಂದೆಡೆ ದೊರೆಯಿತು ಎಂದು ಕೆಲವು ಸಂಶೋಧಕರು ಆಕ್ಷೇಪಿಸಿದ್ದುಂಟು. ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಯಂತ್ರ ತಲಾಠಿಯ ಅಕ್ಷರವನ್ನು ತಿದ್ದಿತು. ಅಧಿಕಾರದ ಹಂಚಿಕೆಯನ್ನು ತಿದ್ದುವುದು ಯಂತ್ರದ ಕೆಲಸವಲ್ಲ, ನಮ್ಮದು.

ಶೇಷಗಿರಿಯವರಿಗೆ 2005ರಲ್ಲಿ ಪದ್ಮಭೂಷಣ ಬಂದಿತು. 2013ರ ಮೇ ತಿಂಗಳಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ತಂತ್ರಾಂಶದಿಂದ ಕೋಟ್ಯಧೀಶರಾದವರ ಹೆಸರು ಮಕ್ಕಳಿಗೂ ಗೊತ್ತು. ಸರ್ಕಾರದ ಸಂಬಳ ಪಡೆದು ಅವರಿಗೆ ಹಾದಿ ಮಾಡಿಕೊಟ್ಟವರ ಹೆಸರು ಎಷ್ಟು ಮಂದಿಗೆ ಗೊತ್ತಿದೆ? ಉತಾರದ ಮೇಲೆ ಹೊಲದ ಒಡೆಯನ ಹೆಸರಿರುತ್ತದೆ, ಆ ಕಾಗದಕ್ಕೆ ದಾರಿ ಮಾಡಿದವರ ಹೆಸರು ಇರುವುದಿಲ್ಲ. ಅದನ್ನು ನೆನಪಿನಲ್ಲಿಡಬೇಕಾದವರು ನಾವು.