ಇದನ್ನ ಕೊಟ್ಟು ಅದನ್ನ ಇಸ್ಕೊಂಡು ಬಾ

ನಮ್ಮೂರಿಗೆ ಬೆಳಗಿನ ಮೊದಲ ಬಸ್ಸಲ್ಲಿ ಬರ್ತಿದ್ದ ಪೇಪರಿನ ಕಟ್ಟು ತುಂಬಾ ಸಣ್ಣದು. ನಮ್ಮ ಮನೆಗೆ ಪ್ರಜಾವಾಣಿ, ಎರಡು ಓಣಿ ಆಚೆ ಮೇಷ್ಟ್ರ ಮನೆಗೆ ಸಂಯುಕ್ತ ಕರ್ನಾಟಕ. ಹನ್ನೊಂದು ಗಂಟೆ ಹೊತ್ತಿಗೆ ಅಪ್ಪ ಪೇಪರನ್ನ ಮಡಚಿ ನನ್ನ ಕೈಗಿಟ್ಟು, “ಇದನ್ನ ಕೊಟ್ಟು ಅದನ್ನ ಇಸ್ಕೊಂಡು ಬಾ” ಅಂತಿದ್ರು. ರಜಾ ದಿನಗಳಲ್ಲಿ ಅದು ನನ್ನ ಡ್ಯೂಟಿ. ಮೇಷ್ಟ್ರು ಓದಿ ಮುಗಿಸಿದ ಪೇಪರಲ್ಲಿ ಅಲ್ಲಲ್ಲಿ ಕೆಂಪು ಇಂಕಿನ ಗೆರೆ ಇರ್ತಿತ್ತು, ಇದನ್ನ ಬಿಡಬೇಡಿ ಅಂತ ಅದರ ಅರ್ಥ. ಸ್ವಲ್ಪ ದಿನಕ್ಕೆ ಅಪ್ಪನೂ ನೀಲಿ ಪೆನ್ನು ಹಿಡಿದು ಗೆರೆ ಎಳೆಯೋಕೆ ಶುರು ಮಾಡಿದ್ರು. ಒಂದು ಪೇಪರಿನ ದುಡ್ಡಲ್ಲಿ ಎರಡೂ ಮನೆಯವರು ಎರಡೆರಡು ಪೇಪರ್ ಓದ್ತಿದ್ರು.

ಇದೆಲ್ಲ ಮರೆತೇ ಹೋಗಿತ್ತು. ನೆನಪಾಗಿದ್ದು ಆಫೀಸಿನಲ್ಲಿ. ರಾಶಿ ರಾಶಿ ಡಾಕ್ಯುಮೆಂಟುಗಳಲ್ಲಿ ಒಂದೇ ಬರಹ ಎಲ್ಲೆಲ್ಲಿ ಎರಡೆರಡು ಸಲ ಸೇರಿಕೊಂಡಿದೆ ಅಂತ ಹುಡುಕಿ ತೆಗೆಯೋ ಕೆಲಸ ನನ್ನ ತಲೆಗೆ ಬಂದಿತ್ತು. ಇದನ್ನ ಬೇರೆಯವರು ಹೇಗೆ ಮಾಡಿದಾರೆ ನೋಡೋಣ ಅಂತ ಹುಡುಕುವಾಗ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ವೈರಲ್ ಟೆಕ್ಸ್ಟ್ಸ್’ ಅನ್ನೋ ಪ್ರಾಜೆಕ್ಟ್ ಕಣ್ಣಿಗೆ ಬಿತ್ತು. ಸಾಹಿತ್ಯದ ಪ್ರೊಫೆಸರ್ ರಯಾನ್ ಕಾರ್ಡೆಲ್, ಕಂಪ್ಯೂಟರ್ ಸೈನ್ಸಿನ ಡೇವಿಡ್ ಸ್ಮಿತ್ ಇಬ್ಬರೂ ಸೇರಿ 19ನೇ ಶತಮಾನದ ಅಮೆರಿಕನ್ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳ ಮೇಲೆ ನನ್ನಂಥದ್ದೇ ಪ್ರೋಗ್ರಾಂ ಓಡಿಸಿದ್ರು. ಅಕ್ಕಪಕ್ಕದ ನಾಲ್ಕೈದು ಪದಗಳ ಗೊಂಚಲನ್ನ ಹಿಡಿದು ಹೋಲಿಸ್ತಾ ಹೋಗೋ ವಿಧಾನ ಅದು. ಸ್ಕ್ಯಾನಿನಲ್ಲಿ ಅಕ್ಷರಗಳು ಕೆಟ್ಟು ಕೆರ ಹಿಡಿದಿದ್ರೂ ಎಲ್ಲೋ ಒಂದೆರಡು ಗೊಂಚಲು ಹೊಂದಿಕೊಳ್ಳುತ್ತೆ. ನನಗೆ ಆಫೀಸಿನಲ್ಲಿ ಕಸ ಆಗಿದ್ದದ್ದು ಅವರಿಗೆ ನಿಧಿ. ಒಂದೇ ಪದ್ಯ, ಒಂದೇ ಚುಟುಕು, ಒಂದೇ ಅಡುಗೆ ವಿಧಾನ ಹತ್ತಾರು ಊರಿನ ಪತ್ರಿಕೆಗಳಲ್ಲಿ ಸಿಗ್ತಾ ಹೋಯ್ತು. ಫೋನಿಲ್ಲ, ಆಗಿನ ಬಹುಪಾಲು ಊರುಗಳಿಗೆ ರೈಲೂ ಇಲ್ಲ. ಹಾಗಾದ್ರೆ ಬರಹ ಊರಿಂದ ಊರಿಗೆ ಹೋಗಿದ್ದು ಹೇಗೆ?

ಹೋಗಿದ್ದು ಅಂಚೆಚೀಲದಲ್ಲಿ, ಅದೂ ಪುಕ್ಕಟೆಯಾಗಿ.

1792ರ ಫೆಬ್ರವರಿ 20ರಂದು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸಹಿ ಹಾಕಿದ ಅಂಚೆ ಕಾನೂನಿನಲ್ಲಿ ಒಂದು ಪುಟ್ಟ ಕಲಮು ಇತ್ತು. ಪತ್ರಿಕೆ ಮುದ್ರಿಸೋ ಪ್ರತಿಯೊಬ್ಬನೂ ದೇಶದ ಬೇರೆ ಪ್ರತಿಯೊಬ್ಬ ಪತ್ರಿಕಾ ಮುದ್ರಕನಿಗೂ ತನ್ನ ಪತ್ರಿಕೆಯ ಒಂದು ಪ್ರತಿಯನ್ನ ಅಂಚೆ ಖರ್ಚಿಲ್ಲದೆ ಕಳಿಸಬಹುದು ಅಂತ. ರೂಢಿ ಇದಕ್ಕಿಂತ ಹಳೇದು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಅಂಚೆಯ ಮುಖ್ಯಸ್ಥರಲ್ಲಿ ಒಬ್ಬನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್, ಸ್ವತಃ ಮುದ್ರಕ, 1758ರಲ್ಲಿ ಪತ್ರಿಕೆ ಸಾಗಣೆಗೆ ದರ ನಿಗದಿ ಮಾಡಿದಾಗಲೂ ಈ ವಿನಿಮಯವನ್ನ ಉಚಿತವಾಗಿಯೇ ಉಳಿಸಿದ್ದ. 1792ರಲ್ಲಿ ಅದು ಇಡೀ ದೇಶದ ಕಾನೂನಾಯ್ತು.

ಆಗ ಕಾಗದ ಬರೆಯೋದು ಎಷ್ಟು ದುಬಾರಿ ಅಂತ ನೋಡಿದ್ರೆ ಈ ಪುಕ್ಕಟೆಯ ಬೆಲೆ ಗೊತ್ತಾಗುತ್ತೆ. 450 ಮೈಲಿಗಿಂತ ದೂರ ಹೋಗೋ ಒಂದು ಹಾಳೆಯ ಪತ್ರಕ್ಕೆ 25 ಸೆಂಟು. ಚಂದಾದಾರನ ಮನೆಗೆ ಹೋಗೋ ಪತ್ರಿಕೆಗೆ 100 ಮೈಲಿವರೆಗೆ 1 ಸೆಂಟು, ಆಮೇಲೆ ಒಂದೂವರೆ. ಸಂಪಾದಕನಿಂದ ಸಂಪಾದಕನಿಗೆ ಮಾತ್ರ ಸೊನ್ನೆ. 1832ರ ಹೊತ್ತಿಗೆ ಅಂಚೆಚೀಲದ ತೂಕದಲ್ಲಿ ಶೇಕಡ 95ರಷ್ಟು ಪತ್ರಿಕೆಗಳೇ, ಅವುಗಳಿಂದ ಬರ್ತಿದ್ದ ಆದಾಯ ಮಾತ್ರ ಶೇಕಡ 15ರಷ್ಟು ಅಂತ ಚರಿತ್ರೆಕಾರರು ಲೆಕ್ಕ ಹಾಕಿದಾರೆ. ಅಂದ್ರೆ ಮಗನಿಗೆ ಕಾಗದ ಬರೆಯೋ ತಾಯಿ ಕೊಟ್ಟ ದುಡ್ಡಲ್ಲಿ ಸಂಪಾದಕರು ಪತ್ರಿಕೆ ಹಂಚಿಕೊಳ್ತಿದ್ರು! ಅನ್ಯಾಯ ಅಂತ ಅನ್ನಿಸಬಹುದು, ನನಗೂ ಅನ್ನಿಸಿತು. ಆದ್ರೆ ಹೊಸ ದೇಶ, ಊರುಗಳು ದೂರ ದೂರ, ಒಂದು ಮೂಲೆಯ ಸುದ್ದಿ ಇನ್ನೊಂದು ಮೂಲೆಗೆ ತಲುಪದಿದ್ರೆ ದೇಶವೇ ನಿಲ್ಲಲ್ಲ ಅನ್ನೋ ಭಯ ಆ ಶಾಸಕರಿಗೆ ಇತ್ತು.

ಒಂದು ಸಣ್ಣ ಊರಿನ ಪತ್ರಿಕೆ ಆಫೀಸನ್ನ ಊಹಿಸಿಕೊಳ್ಳಿ. ಸಂಪಾದಕ, ಮೊಳೆ ಜೋಡಿಸೋನು, ಮಾಲೀಕ ಮೂರೂ ಒಬ್ಬನೇ. ವರದಿಗಾರರಿಲ್ಲ. ಅಂಚೆ ಬಂದ ದಿನ ಮೇಜಿನ ತುಂಬಾ ಬೇರೆ ಊರಿನ ಪತ್ರಿಕೆಗಳು. 1840ರ ದಶಕದ ಲೆಕ್ಕದ ಪ್ರಕಾರ ಒಂದೊಂದು ಪತ್ರಿಕೆಗೆ ವರ್ಷಕ್ಕೆ ಸರಾಸರಿ 4,300 ವಿನಿಮಯ ಪ್ರತಿಗಳು ಬರ್ತಿದ್ವು, ದಿನಕ್ಕೆ ಹನ್ನೆರಡರ ಹತ್ತಿರ. ಆತ ಕತ್ತರಿ ಹಿಡಿದು ಕೂತು ತನ್ನ ಓದುಗರಿಗೆ ಬೇಕಾದ್ದನ್ನ ಕತ್ತರಿಸಿ, ಮೇಲೆ ‘ಇಂಥ ಪತ್ರಿಕೆಯಿಂದ’ ಅಂತ ಹೆಸರು ಹಾಕಿ, ಮತ್ತೆ ಮೊಳೆ ಜೋಡಿಸ್ತಿದ್ದ. ದೊಡ್ಡ ಪತ್ರಿಕೆಗಳಲ್ಲಿ ಇದಕ್ಕೇ ಒಬ್ಬ ಸಂಪಾದಕ ಇರ್ತಿದ್ದ. 1790ರ ಕಾಪಿರೈಟ್ ಕಾನೂನು ಪುಸ್ತಕ, ನಕ್ಷೆಗಳ ಬಗ್ಗೆ ಮಾತಾಡಿತ್ತು, ಪತ್ರಿಕೆಗಳ ಸುದ್ದಿಗೆ ಬರಲಿಲ್ಲ. ಹಾಗಾಗಿ ಹೆಸರು ಹಾಕೋದು ಬರೀ ಮರ್ಯಾದೆಯ ಪ್ರಶ್ನೆ. ಹೆಸರು ಹಾಕದೆ ಹೊಡೆದವನನ್ನ ಮುಂದಿನ ಸಂಚಿಕೆಯಲ್ಲಿ ಬೈಯೋರು. ಆ ಬೈಗುಳ ಕೂಡ ಅದೇ ಪುಕ್ಕಟೆ ಅಂಚೆಯಲ್ಲಿ ಅವನ ಮೇಜಿಗೆ ಹೋಗಿ ಬೀಳೋದು.

ನನಗೆ ತುಂಬಾ ಇಷ್ಟವಾಗಿದ್ದು ಇನ್ನೊಂದು ರೂಢಿ. ಸಾವಿನ ಅಥವಾ ಮದುವೆಯ ಸುದ್ದಿಯ ಕೊನೆಗೆ ‘ಬಾಸ್ಟನ್ ಪತ್ರಿಕೆಗಳು ದಯವಿಟ್ಟು ನಕಲು ಮಾಡಿಕೊಳ್ಳಿ’ ಅಂತ ಒಂದು ಸಾಲು ಸೇರಿಸ್ತಿದ್ರು. ಊರು ಬಿಟ್ಟು ಪಶ್ಚಿಮಕ್ಕೆ ಹೋದವನು ಅಲ್ಲೇ ಸತ್ತರೆ ಹುಟ್ಟಿದೂರಿನ ನೆಂಟರಿಗೆ ಸುದ್ದಿ ಮುಟ್ಟಬೇಕಲ್ಲ! ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ‘ಎಲ್ಲರಿಗೂ ಕಳಿಸಿ’ ಅಂತ ಬರೋ ಮೆಸೇಜಿಗೆ ಇಷ್ಟು ಹಳೇ ಅಜ್ಜ ಇದಾನೆ ಅಂತ ಗೊತ್ತಿರಲಿಲ್ಲ.

ಸುಳ್ಳು ಸುದ್ದಿಗೂ ಇದೇ ದಾರಿ. 1862ರ ಅಕ್ಟೋಬರಿನಲ್ಲಿ ನೆವಾಡದ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಅನ್ನೋ ಹೊಸ ವರದಿಗಾರ, ಕಲ್ಲಾಗಿ ಹೋದ ಮನುಷ್ಯನ ದೇಹ ಸಿಕ್ಕಿದೆ ಅಂತ ಬರೆದ. ದೇಹ ಯಾವ ಭಂಗಿಯಲ್ಲಿತ್ತು ಅಂತ ಬಿಡಿ ಬಿಡಿಯಾಗಿ ವರ್ಣಿಸಿದ್ದ. ನಿಧಾನವಾಗಿ ಓದಿ ಜೋಡಿಸಿಕೊಂಡ್ರೆ ಆ ಕಲ್ಲು ಮನುಷ್ಯ ಒಂದು ಕಣ್ಣು ಮುಚ್ಚಿ, ಮೂಗಿಗೆ ಹೆಬ್ಬೆರಳಿಟ್ಟು, ಉಳಿದ ಬೆರಳು ಅರಳಿಸಿ ಓದುಗರನ್ನೇ ಅಣಕಿಸ್ತಿದ್ದ. ನಿಧಾನವಾಗಿ ಓದೋರು ಯಾರು? ಪತ್ರಿಕೆಗಳು ನಿಜ ಅಂತಲೇ ಕತ್ತರಿಸಿ ಹಾಕಿಕೊಂಡವು. ಕೆಲವೇ ತಿಂಗಳಲ್ಲಿ ಆ ವರದಿಗಾರ ಮಾರ್ಕ್ ಟ್ವೇನ್ ಅಂತ ಹೆಸರಿಟ್ಟುಕೊಂಡ. 1865ರಲ್ಲಿ ಅವನ ಕಪ್ಪೆಯ ಕತೆ ನ್ಯೂಯಾರ್ಕಿನ ಒಂದು ಸಣ್ಣ ವಾರಪತ್ರಿಕೆಯಲ್ಲಿ ಬಂದಾಗ ಇದೇ ಕತ್ತರಿಗಳು ಅವನನ್ನ ದೇಶಕ್ಕೆಲ್ಲ ಪರಿಚಯ ಮಾಡಿಸಿದವು.

ನಗೋ ವಿಷಯ ಬಿಟ್ಟು ನೋಡೋದಾದ್ರೆ ಗ್ಯಾರಿಸನ್ ಕತೆ ಇದೆ. 1831ರ ಜನವರಿ 1ರಂದು ಬಾಸ್ಟನ್ನಿನಲ್ಲಿ ವಿಲಿಯಂ ಲಾಯ್ಡ್ ಗ್ಯಾರಿಸನ್ ‘ದಿ ಲಿಬರೇಟರ್’ ಶುರು ಮಾಡಿದ. ಗುಲಾಮಗಿರಿಯನ್ನ ಈಗಿಂದೀಗಲೇ ನಿಲ್ಲಿಸಿ ಅನ್ನೋದು ಅವನ ಹಟ. ಚಂದಾದಾರರು ಕಡಿಮೆ, ಅವರಲ್ಲೂ ಹೆಚ್ಚಿನವರು ಉತ್ತರದ ಊರುಗಳ ಸ್ವತಂತ್ರ ಕಪ್ಪು ಜನ. ಆದ್ರೆ ವಿನಿಮಯದ ಪ್ರತಿ ದಕ್ಷಿಣದ ಸಂಪಾದಕರಿಗೂ ಹೋಗ್ತಿತ್ತು. ಅವರು ಸಿಟ್ಟಿನಿಂದ ಅವನ ಸಾಲುಗಳನ್ನ ಕತ್ತರಿಸಿ, ಕೆಳಗೆ ತಮ್ಮ ಬೈಗುಳ ಸೇರಿಸಿ ಅಚ್ಚು ಹಾಕೋರು. ಅದನ್ನ ಉತ್ತರದ ಪತ್ರಿಕೆಗಳು ಎತ್ತಿಕೊಳ್ಳೋವು. ಅದು ತಿರುಗಿ ಗ್ಯಾರಿಸನ್ ಮೇಜಿಗೆ ಬಂದಾಗ ಅವನೂ ಅಚ್ಚು ಹಾಕಿ ಉತ್ತರ ಕೊಡೋನು. ಆಮೇಲಾಮೇಲೆ ಮೊದಲ ಪುಟದಲ್ಲೇ ‘ದಬ್ಬಾಳಿಕೆಯ ಆಸರೆ’ ಅನ್ನೋ ಅರ್ಥದ ಹೆಸರಲ್ಲಿ ಒಂದು ಅಂಕಣ ಮಾಡಿ ಎದುರಾಳಿಗಳ ಬರಹಗಳನ್ನೇ ತುಂಬಿಸಿದ. 1831ರ ಆಗಸ್ಟಿನಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಗುಲಾಮರು ದಂಗೆ ಎದ್ದ ಮೇಲೆ ದಕ್ಷಿಣದವರ ಬೆರಳೆಲ್ಲ ಈ ಪತ್ರಿಕೆಯ ಕಡೆಗೆ. ಡಿಸೆಂಬರಿನಲ್ಲಿ ಜಾರ್ಜಿಯಾದ ಶಾಸನಸಭೆ ಗ್ಯಾರಿಸನ್ನನ್ನ ಹಿಡಿದು ತಂದವರಿಗೆ 5,000 ಡಾಲರ್ ಇನಾಮು ಘೋಷಿಸಿತು. ಒಂದು ವರ್ಷ ಕೂಡ ತುಂಬದ, ಕೈಬೆರಳೆಣಿಕೆಯ ಓದುಗರ ಪತ್ರಿಕೆ! ಅದು 1865ರ ಡಿಸೆಂಬರಿನವರೆಗೆ ನಡೀತು. ಅಷ್ಟೊತ್ತಿಗೆ ಗುಲಾಮಗಿರಿ ಕಾನೂನಿನಲ್ಲೂ ಮುಗಿದಿತ್ತು.

ಟೆಲಿಗ್ರಾಫ್ ಬಂದ ಮೇಲೆ ಬಿಸಿ ಸುದ್ದಿಗೆ ಕತ್ತರಿ ಬೇಕಾಗಲಿಲ್ಲ. 1873ರಲ್ಲಿ ಉಚಿತ ವಿನಿಮಯವನ್ನ ರದ್ದು ಮಾಡಿದ್ರು.

ಇಷ್ಟೆಲ್ಲ ಓದಿದ ಮೇಲೂ ನನ್ನ ತಲೆಯಲ್ಲಿ ಕೂತಿರೋದು ಜಾರ್ಜಿಯಾದ್ದೇ ಇನ್ನೊಂದು ಪತ್ರಿಕೆ. ಸಣ್ಣ ಭಾಷೆಯಲ್ಲಿ ಬರೆಯೋ ಯಾರಿಗಾದ್ರೂ ಹಾಗೇ ಆಗುತ್ತೇನೋ. 1828ರ ಫೆಬ್ರವರಿ 21ರಂದು ನ್ಯೂ ಎಕೋಟ ಅನ್ನೋ ಊರಿಂದ ‘ಚೆರೋಕಿ ಫೀನಿಕ್ಸ್’ ಹೊರಟಿತು. ಸೀಕ್ವೋಯ ಅನ್ನೋ ಚೆರೋಕಿ ಮನುಷ್ಯ ತನ್ನ ಭಾಷೆಗೆ ತಾನೇ ಲಿಪಿ ಮಾಡಿ ಏಳೆಂಟು ವರ್ಷ ಕೂಡ ಆಗಿರಲಿಲ್ಲ. ನಮ್ಮ ಕಾಗುಣಿತದ ಹಾಗೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. ಅದರ ಮೊಳೆಗಳನ್ನ ಬಾಸ್ಟನ್ನಿನಲ್ಲಿ ಎರಕ ಹೊಯ್ಯಿಸಿ ತರಿಸಿದ್ರು. ಸಂಪಾದಕ ಎಲಿಯಾಸ್ ಬೂಡಿನಾಟ್ ಪತ್ರಿಕೆಯನ್ನ ಚೆರೋಕಿ, ಇಂಗ್ಲಿಷ್ ಎರಡರಲ್ಲೂ ತಂದ. ಚೆರೋಕಿ ಅಂಕಣ ತಮ್ಮವರಿಗೆ, ಇಂಗ್ಲಿಷ್ ಅಂಕಣ ದೂರದ ಸಂಪಾದಕರ ಕತ್ತರಿಗೆ. ತಮ್ಮ ನೆಲವನ್ನ ಜಾರ್ಜಿಯಾ ಹೇಗೆ ಕಬಳಿಸ್ತಿದೆ ಅನ್ನೋದನ್ನ ಉತ್ತರದ ಪತ್ರಿಕೆಗಳು ಅಲ್ಲಿಂದಲೇ ಎತ್ತಿ ಹಾಕಿದವು. 1829ರಲ್ಲಿ ಹೆಸರಿಗೆ ‘ಇಂಡಿಯನ್ನರ ವಕೀಲ’ ಅನ್ನೋದೂ ಸೇರಿತು.

ಆ ಊರಿನ ಅಂಚೆ ಮಾಸ್ಟರ್ ಸ್ಯಾಮ್ಯುಯೆಲ್ ವೂಸ್ಟರ್ ಅನ್ನೋ ಮಿಷನರಿ, ಪತ್ರಿಕೆ ಹೊರಡಿಸೋಕೆ ಬೆನ್ನಿಗೆ ನಿಂತವನು. 1831ರಲ್ಲಿ ಚೆರೋಕಿ ನೆಲದಲ್ಲಿ ಪರವಾನಗಿ ಇಲ್ಲದೆ ಇದ್ದ ಅಂತ ಜಾರ್ಜಿಯಾ ಅವನನ್ನ ಹಿಡೀತು. ಅಂಚೆ ಮಾಸ್ಟರ್ ಅಂದ್ರೆ ಕೇಂದ್ರ ಸರ್ಕಾರದ ನೌಕರ ಅನ್ನೋ ಕಾರಣಕ್ಕೆ ಬಿಡಬೇಕಾಯ್ತು. ಆಮೇಲೆ ಆ ಕೆಲಸದಿಂದಲೇ ಅವನನ್ನ ತೆಗೆಸಿ ಮತ್ತೆ ಹಿಡಿದು ನಾಲ್ಕು ವರ್ಷದ ಕಠಿಣ ಸಜೆ ಹಾಕಿದ್ರು. 1832ರಲ್ಲಿ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪು ಕೊಡ್ತು, ಜಾರ್ಜಿಯಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವರ್ಷ ಬೂಡಿನಾಟ್ ಸಂಪಾದಕತ್ವ ಬಿಟ್ಟ. ನೆಲ ಬಿಟ್ಟು ಹೋಗೋದೇ ಉಳಿದಿರೋ ದಾರಿ ಅಂತ ಅವನಿಗೆ ಅನ್ನಿಸತೊಡಗಿತ್ತು, ಅದನ್ನ ಅಚ್ಚು ಹಾಕೋಕೆ ಚೆರೋಕಿ ಮುಖಂಡ ಜಾನ್ ರಾಸ್ ಒಪ್ಪಲಿಲ್ಲ. 1834ರ ಮೇ ತಿಂಗಳಲ್ಲಿ ಪತ್ರಿಕೆ ನಿಂತಿತು. ಮುಂದಿನ ವರ್ಷ ಜಾರ್ಜಿಯಾದ ಕಾವಲು ಪಡೆ ಬಂದು ಅಚ್ಚಿನ ಯಂತ್ರವನ್ನೂ ಎತ್ತಿಕೊಂಡು ಹೋಯ್ತು. 1838ರಲ್ಲಿ ಚೆರೋಕಿ ಜನರನ್ನ ಸೈನ್ಯ ಹೊರದಬ್ಬಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ 1839ರಲ್ಲಿ ಬೂಡಿನಾಟ್‌ನನ್ನ ಅವನ ಜನರೇ ಕೊಂದರು.

1844ರ ಸೆಪ್ಟೆಂಬರಿನಲ್ಲಿ, ಬಂದು ಬಿದ್ದ ಹೊಸ ನೆಲದ ತಹ್ಲೆಕ್ವಾ ಊರಿಂದ ‘ಚೆರೋಕಿ ಅಡ್ವೊಕೇಟ್’ ಅಂತ ಇನ್ನೊಂದು ಪತ್ರಿಕೆ ಹೊರಟಿತು. ಮತ್ತೆ ಅದೇ ಎರಡು ಭಾಷೆ.