ನೆನಪಿನ ತಟ್ಟೆಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ನಿರ್ದೇಶಕರು ವೈ.ವಿ. ರಾವ್; ಮುಖ್ಯ ಪಾತ್ರಗಳಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಮತ್ತು ತ್ರಿಪುರಾಂಬ. ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಷ್ಟೆಲ್ಲ ವಿವರ ನಮ್ಮ ಬಳಿ ಇದೆ, ಚಿತ್ರ ಮಾತ್ರ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಬೆಳ್ಳಿತೆರೆ ತನ್ನ ಮೊದಲ ಮಾತನ್ನು ಯಾವ ದನಿಯಲ್ಲಿ ಆಡಿತೆಂಬುದನ್ನು ನಾವು ಎಂದಿಗೂ ಕೇಳಲಾರೆವು.

ಆ ಕಾಲದ ಫಿಲ್ಮು ನೈಟ್ರೇಟಿನದು. ಸುಲಭವಾಗಿ ಹೊತ್ತಿಕೊಳ್ಳುವ, ಸೆಕೆಗೆ ತಾನಾಗಿಯೇ ಕೊಳೆಯುವ ವಸ್ತು ಅದು. ಓಡಿ ಮುಗಿದ ಚಿತ್ರಗಳಿಂದ ಬೆಳ್ಳಿಯನ್ನು ಬೇರ್ಪಡಿಸಿ ಮಾರುವುದು ವಾಡಿಕೆಯಾಗಿತ್ತು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ‘ಸತಿ ಸುಲೋಚನ’ ಬಂದು ಮೂವತ್ತು ವರ್ಷಗಳಾದ ಮೇಲೆ. ಅಲ್ಲಿ ಸೇರಿದ್ದಕ್ಕೂ ಪೂರ್ಣ ಅಭಯವಿರಲಿಲ್ಲ: 2003ರ ಜನವರಿ 8ರಂದು ಪುಣೆಯ ಚಲನಚಿತ್ರ ಸಂಸ್ಥೆಯ ಆವರಣದಲ್ಲಿದ್ದ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು, ಹಳೆಯ ಚಿತ್ರಗಳ ದೊಡ್ಡದೊಂದು ರಾಶಿ ಕೆಲವೇ ತಾಸುಗಳಲ್ಲಿ ಬೂದಿಯಾಯಿತು.

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರು ನೆನೆಯಬೇಕಾದ ಇನ್ನೊಂದು ಅಧ್ಯಾಯ ಅಹಮದಾಬಾದಿನದೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಇಸ್ರೋದ ಅಹಮದಾಬಾದ್ ಕೇಂದ್ರವೇ ಅದರ ನರನಾಡಿ. ಕರ್ನಾಟಕದ ಪಾಲಿಗೆ ಆಯ್ಕೆಯಾದವು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಒಂದೇ ದೃಶ್ಯಕ್ಕೆ ಎರಡು ಧ್ವನಿವಾಹಿನಿಗಳಿದ್ದುದರಿಂದ ಅದೇ ಚಿತ್ರವನ್ನು ಆಂಧ್ರದವರು ತೆಲುಗಿನಲ್ಲಿ, ನಮ್ಮವರು ಕನ್ನಡದಲ್ಲಿ ಕೇಳಬಹುದಿತ್ತು. ರಾಯಚೂರಿನ ಹಳ್ಳಿಯೊಂದರ ಕಟ್ಟೆಯ ಮೇಲೆ ಕೇಳಿದ ಕನ್ನಡ ಸಾಬರಮತಿಯ ದಡದ ಊರಿನಿಂದ ಆಕಾಶಕ್ಕೇರಿ ಇಳಿದು ಬಂದದ್ದು! ನಾವು ಕಚೇರಿಗೆ ಹೋಗುವ ದಾರಿಯಲ್ಲಿ ಆ ಆವರಣದ ಗೋಡೆಯನ್ನು ಕಂಡಾಗಲೆಲ್ಲ ಈ ಸಂಗತಿ ನೆನಪಾಗುತ್ತದೆ.

ಆ ಕಾರ್ಯಕ್ರಮಗಳು ಇದ್ದದ್ದು ಕಾಂತೀಯ ಟೇಪಿನಲ್ಲಿ. ಅಳಿಸಿ ಮತ್ತೆ ಬರೆಯಬಹುದೆಂಬುದು ಟೇಪಿನ ಗುಣ; ಅದೇ ಅದರ ಶಾಪ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಗಳಿಗೆಯ ಮೂಲ ಟೇಪುಗಳನ್ನೇ ನಾಸಾ ಸಂಸ್ಥೆ ಮರುಬಳಕೆಗಾಗಿ ಅಳಿಸಿಬಿಟ್ಟಿದ್ದಿರಬೇಕೆಂಬ ತೀರ್ಮಾನ 2009ರಲ್ಲಿ ಹೊರಬಿತ್ತು. ಮಿತವ್ಯಯದ ಸುತ್ತೋಲೆಗಳು ನಮ್ಮ ದೇಶದ ಸರ್ಕಾರಿ ಕಚೇರಿಗಳಿಗೆ ಮಾತ್ರ ಮೀಸಲಲ್ಲವೆಂದು ಇದರಿಂದ ತಿಳಿಯಬಹುದು.

ಟೇಪಿನ ದಾಯಾದಿಯೇ ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂ ಹೊರತಂದ ‘ರಾಮ್ಯಾಕ್’ ಯಂತ್ರದಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ತೂಕ ಸುಮಾರು ಒಂದು ಟನ್. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇಂದಿನ ಮೊಬೈಲಿನ ಒಂದು ಛಾಯಾಚಿತ್ರದಷ್ಟು. 1980ರ ವೇಳೆಗೆ ಅಂಥ ತಟ್ಟೆ ಮೇಜಿನ ಕಂಪ್ಯೂಟರಿನೊಳಗೆ ಕೂರುವಷ್ಟು ಚಿಕ್ಕದಾಯಿತು. 1988ರಲ್ಲಿ ಫೆರ್ ಮತ್ತು ಗ್ರುನ್‌ಬರ್ಗ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಕಂಡುಕೊಂಡ ಕಾಂತೀಯ ಪರಿಣಾಮವೊಂದು ಹತ್ತು ವರ್ಷಗಳೊಳಗೆ ಡಿಸ್ಕಿನ ಓದುವ ಮೊನೆಯನ್ನು ಸೇರಿತು; 2007ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ಒಂದು ಟೆರಾಬೈಟಿನ ಡಿಸ್ಕ್ ಮಾರುಕಟ್ಟೆಗೂ ಬಂತು. ಆದರೆ ಈ ಬೆಳವಣಿಗೆ ಎಷ್ಟು ಸಣ್ಣ ನೆಲದ ಮೇಲೆ ನಿಂತಿತ್ತೆಂಬುದು 2011ರಲ್ಲಿ ಗೊತ್ತಾಯಿತು. ಥಾಯ್ಲೆಂಡಿನ ನೆರೆಯಲ್ಲಿ ಅಲ್ಲಿನ ಡಿಸ್ಕ್ ಕಾರ್ಖಾನೆಗಳು ಮುಳುಗಿದವು, ಜಗತ್ತಿನಾದ್ಯಂತ ಬೆಲೆ ಗಗನಕ್ಕೇರಿತು, ಅಹಮದಾಬಾದಿನ ರಿಲೀಫ್ ರಸ್ತೆಯ ಅಂಗಡಿಗಳಿಗೂ ಅದರ ಬಿಸಿ ತಟ್ಟಿತು.

ಈ ಪುರಾಣವನ್ನು ನಾವು ಬಿಚ್ಚಲು ಕಾರಣವಿದೆ. ಅಹಮದಾಬಾದ್, ವಡೋದರ, ಸೂರತ್ ಮೂರೂ ಊರುಗಳ ಹಿರಿಯ ಕನ್ನಡಿಗರ ಮಾತುಗಳನ್ನು ನಮ್ಮ ಬಳಗ ಕೆಲವು ವರ್ಷಗಳಿಂದ ಚಿತ್ರೀಕರಿಸುತ್ತಿದೆ. ಯಾವ ರೈಲಿನಲ್ಲಿ ಬಂದರು, ಮೊದಲ ಬಾಡಿಗೆಮನೆ ಎಲ್ಲಿ, ಮನೆಯೊಳಗೆ ಕನ್ನಡ ಹೇಗೆ ಉಳಿಯಿತು ಎಂಬ ಸಾಮಾನ್ಯ ಮಾತುಗಳೇ. ಆದರೆ ಹಾಗೆ ಮಾತಾಡಿದವರಲ್ಲಿ ಕೆಲವರು ಈಗಿಲ್ಲ. ಅವರನ್ನು ಮತ್ತೊಮ್ಮೆ ಕೂರಿಸಿ ಕೇಳುವಂತಿಲ್ಲ. ಇವನ್ನೆಲ್ಲ ಸಂಕಲನ ಮಾಡಲು ಕಂಪ್ಯೂಟರೊಂದನ್ನು ಸಜ್ಜುಗೊಳಿಸಬೇಕಾಗಿದೆ. ಅದಕ್ಕೆ ಯಾವ ಡಿಸ್ಕ್ ಎಂಬ ಪ್ರಶ್ನೆ ಹೀಗಾಗಿ ಕೇವಲ ದರಪಟ್ಟಿಯದಲ್ಲ.

ಲೆಕ್ಕ ಸರಳ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಚಿತ್ರೀಕರಿಸಿದ ವಿಡಿಯೊ ಗಂಟೆಗೆ 45 ಗಿಗಾಬೈಟ್ ತಿನ್ನುತ್ತದೆ. 4 ಟೆರಾಬೈಟಿನ ಡಿಸ್ಕು 88 ಗಂಟೆಗೆ ತುಂಬುತ್ತದೆ. ಸಂಕಲನದ ಮೇಜಿಗೆ ಬೇಕಾದದ್ದು ವೇಗ. ತಿರುಗುವ ತಟ್ಟೆ ಸೆಕೆಂಡಿಗೆ ಸುಮಾರು 200 ಮೆಗಾಬೈಟ್ ಓದಿದರೆ ಘನಸ್ಥಿತಿಯ ಎಸ್‌ಎಸ್‌ಡಿ 500 ಓದುತ್ತದೆ, ಅದರ ಎನ್‌ವಿಎಂಇ ರೂಪ ಸಾವಿರಗಳನ್ನು ಮುಟ್ಟುತ್ತದೆ. ಆದ್ದರಿಂದ ತಂತ್ರಾಂಶವೂ ಕೈಯಲ್ಲಿರುವ ಕೆಲಸವೂ ಎಸ್‌ಎಸ್‌ಡಿಯ ಮೇಲೆ. ಉಳಿಸಿಕೊಳ್ಳುವ ಮಾತಿಗೆ ಬಂದಾಗ ನಮ್ಮ ಒಲವು ಹಳೆಯ ತಟ್ಟೆಯ ಕಡೆಗೇ. ಎಸ್‌ಎಸ್‌ಡಿಯಲ್ಲಿ ಮಾಹಿತಿ ನಿಂತಿರುವುದು ಸೆರೆಹಿಡಿದ ವಿದ್ಯುದಂಶದಲ್ಲಿ. ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಅದು ಮೆಲ್ಲಗೆ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬಳಸಿ ಸವೆದ ಎಸ್‌ಎಸ್‌ಡಿಗೆ ಉದ್ಯಮದ ಮಾನದಂಡ ಕೊಡುವ ಭರವಸೆ 30 ಡಿಗ್ರಿಯಲ್ಲಿ ಒಂದು ವರ್ಷ. 2016ರ ಮೇ 20ರಂದು 48 ಡಿಗ್ರಿ ಕಂಡ ಅಹಮದಾಬಾದಿಗೆ ಆ ಭರವಸೆ ಸಾಲದು.

ತಟ್ಟೆಗಳಲ್ಲೂ ಎರಡು ಕುಲಗಳಿವೆ. ಸಾಲುಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒತ್ತಾಗಿ ಬರೆಯುವ ಎಸ್‌ಎಂಆರ್ ಅಗ್ಗವಾದರೂ ತಿದ್ದಿ ಬರೆಯುವಾಗ ಏದುಸಿರು ಬಿಡುತ್ತದೆ. ಬಿಡಿಬಿಡಿಯಾಗಿ ಬರೆಯುವ ಸಿಎಂಆರ್ ನಮಗೆ ಒಪ್ಪಿಗೆ. ಪೆಟ್ಟಿಗೆಯ ಮೇಲೆ ಇದು ಯಾವುದೆಂದು ಬರೆದಿರದಿದ್ದರೆ ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ಹುಡುಕಬೇಕು. ಎರಡು ಡಿಸ್ಕುಗಳನ್ನು ಜೋಡಿಸಿ ಕನ್ನಡಿಯಂತೆ ಒಂದೇ ಸಲ ಬರೆಯಿಸುವ ‘ರೇಡ್’ ವಿಧಾನವನ್ನು ಬಳಗದ ಕೆಲವು ಮಿತ್ರರು ಮುಂದಿಟ್ಟಿದ್ದಾರೆ. ಡಿಸ್ಕು ಕೆಟ್ಟಾಗ ಅದು ಕಾಯುತ್ತದೆ, ಕೈ ತಪ್ಪಿ ಅಳಿಸಿದಾಗ ಕಾಯುವುದಿಲ್ಲ. ಕನ್ನಡಿ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ 2’ ಚಿತ್ರ ಒಂದು ತಪ್ಪು ಆದೇಶದಿಂದ ಬಹುಪಾಲು ಅಳಿಸಿಹೋಯಿತು. ಸಂಸ್ಥೆಯ ಟೇಪು ಪ್ರತಿಗಳೂ ಕೈಕೊಟ್ಟವು. ಬಾಣಂತನದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಂತ್ರನಿರ್ದೇಶಕಿಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಉಳಿಸಿತು.

ವಡೋದರದ ಎರಡು ನಿದರ್ಶನಗಳೂ ಇದನ್ನೇ ಬೇರೆ ದಾರಿಯಿಂದ ಹೇಳುತ್ತವೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, ನವಸಾರಿಯಲ್ಲಿ ಹುಟ್ಟಿದ ಹೊಮಾಯಿ ವ್ಯಾರಾವಾಲಾ ತಮ್ಮ ಕೊನೆಯ ದಶಕಗಳನ್ನು ಕಳೆದದ್ದು ವಡೋದರದಲ್ಲಿ. 2012ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಸ್ವಾತಂತ್ರ್ಯದ ವರ್ಷಗಳನ್ನು ಹಿಡಿದಿಟ್ಟ ಅವರ ಸಂಗ್ರಹ ದೆಹಲಿಯ ಅಲ್ಕಾಜಿ ಪ್ರತಿಷ್ಠಾನದ ಆಶ್ರಯ ಸೇರಿತು. ಹಳ್ಳಿಗೋಡೆಗಳ ಚಿತ್ತಾರಗಳನ್ನು ದಶಕಗಳ ಕಾಲ ಕ್ಯಾಮೆರಾದಲ್ಲಿ ದಾಖಲಿಸಿದ ಕಲಾವಿದ ಜ್ಯೋತಿ ಭಟ್ಟರ ಸಂಗ್ರಹವನ್ನು ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ ಡಿಜಿಟಲ್ ರೂಪಕ್ಕೆ ತಂದಿತು. ನೆಗೆಟಿವ್ ಓದಲು ಒಂದಿಷ್ಟು ಬೆಳಕು ಸಾಕು. ಡಿಸ್ಕು ಓದಲು ಅದರ ಕಾಲದ ತಂತಿ, ಕೊಂಡಿ, ತಂತ್ರಾಂಶಗಳೆಲ್ಲ ಜೀವಂತವಿರಬೇಕು; ಇಪ್ಪತ್ತೈದು ವರ್ಷ ಹಿಂದಿನ ಡಿಸ್ಕನ್ನು ಇಂದಿನ ಕಂಪ್ಯೂಟರಿಗೆ ನೇರವಾಗಿ ಜೋಡಿಸಲೂ ಬಾರದು. ನಮ್ಮ ಕಚೇರಿಯ ಕಡತಗಳಿಗೆ ಎ, ಬಿ, ಸಿ ಎಂದು ವರ್ಗ ಹಾಕಿ ಆಯುಷ್ಯ ನಿಗದಿ ಮಾಡುವ ಪದ್ಧತಿಯಿದೆ. ಹಿರಿಯರ ಮಾತುಗಳಿಗೆ ನಾವು ನಿಸ್ಸಂಶಯವಾಗಿ ‘ಎ’ ಹಾಕುತ್ತೇವೆ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುವ ಖರ್ಚು ಆ ‘ಎ’ಯೊಳಗೇ ಸೇರಿದೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ: ಪೀಟರ್ ಕ್ರೋ ಎಂಬ ಛಾಯಾಗ್ರಾಹಕ ಪ್ರಚಾರಕ್ಕೆ ತಂದ ಈ ಸೂತ್ರ ಮೂರು ಊರುಗಳ ಬಳಗಕ್ಕೆಂದೇ ಹೊಸೆದಂತಿದೆ. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ತಿನ ಬಹುಭಾಗ ನೀರಿನಲ್ಲಿತ್ತು. 2019ರಲ್ಲಿಯೂ 2024ರಲ್ಲಿಯೂ ವಡೋದರದ ಬೀದಿಗಳಿಗೆ ವಿಶ್ವಾಮಿತ್ರಿ ನುಗ್ಗಿತು. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಬಹುಮಹಡಿ ಕಟ್ಟಡಗಳು ಕುಸಿದವು. ಆದರೆ ಈ ಮೂರೂ ಒಂದೇ ದಿನ ಬರಲಿಲ್ಲ. ಕೆಲಸದ ಪ್ರತಿ ಅಹಮದಾಬಾದಿನ ಕಂಪ್ಯೂಟರಿನಲ್ಲಿರಲಿ, ಎರಡನೆಯದು ವಡೋದರದ ಸದಸ್ಯರ ಮನೆಯಲ್ಲಿ, ನೆಲಮಾಳಿಗೆಯಲ್ಲಲ್ಲ, ಎರಡನೆಯ ಮಹಡಿಯ ಕಪಾಟಿನಲ್ಲಿ, ಮೂರನೆಯದು ಸೂರತ್ತಿನಲ್ಲಿ. ಪ್ರತಿ ರಾಜ್ಯೋತ್ಸವಕ್ಕೆ ಮೂರೂ ಡಿಸ್ಕುಗಳು ಒಂದೆಡೆ ಸೇರಿ, ಒಂದಕ್ಕೊಂದು ತಾಳೆಯಾಗಿ, ಮತ್ತೆ ಬೇರೆಬೇರೆ ರೈಲಿನಲ್ಲಿ ತಮ್ಮ ಊರುಗಳಿಗೆ ಹಿಂತಿರುಗಲಿ.